ಕೊಚ್ಚಿ ಪ್ರವಾಸ: ಕೋಟೆ ಪ್ರದೇಶಕ್ಕೆ ಹೆಚ್ಚು ಸಮಯ ಕೊಡಬೇಕೋ, ಮಟ್ಟಾಂಚೇರಿಗೋ?

ಪ್ರಶ್ನೆ: ಪಯಣಿಗ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ತಿಂಗಳ ನಡುವಿನಲ್ಲಿ ಕುಟುಂಬದೊಡನೆ ಕೊಚ್ಚಿಗೆ ಹೋಗುವ ಆಲೋಚನೆಯಿದೆ. ಜೊತೆಯಲ್ಲಿ ಎಪ್ಪತ್ತು ದಾಟಿದ ನನ್ನ ತಾಯಿಯವರೂ ಕಾಲೇಜಿನಲ್ಲಿ ಇತಿಹಾಸ ಓದುತ್ತಿರುವ ಮಗಳೂ ಇರುತ್ತಾರೆ. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು, ಆದರೆ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯಬಲ್ಲರು. ಹಿನ್ನೀರಿನ ದೋಣಿಮನೆ, ಮುನ್ನಾರಿನ ಚಹಾತೋಟ ಮೊದಲಾದವುಗಳನ್ನು ಈ ಬಾರಿ ಬೇಕೆಂದೇ ಬಿಟ್ಟಿದ್ದೇವೆ. ನಗರದ ಇತಿಹಾಸ, ವಾಸ್ತು, ಕಲೆ, ಇವುಗಳನ್ನಷ್ಟೇ ಅವಸರವಿಲ್ಲದೆ ನೋಡಬೇಕೆಂಬುದು ನಮ್ಮ ಆಸೆ.

ಗುರುವಾರ ಸಂಜೆ ಎರ್ನಾಕುಳಂ ತಲುಪಿ, ಭಾನುವಾರ ರಾತ್ರಿಯ ರೈಲಿಗೆ ಹಿಂದಿರುಗುತ್ತೇವೆ. ಶುಕ್ರವಾರ ಮಟ್ಟಾಂಚೇರಿಯ ಅರಮನೆ ಮತ್ತು ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್, ಶನಿವಾರ ಫೋರ್ಟ್ ಕೊಚ್ಚಿಯ ಚರ್ಚುಗಳು ಮತ್ತು ಚೀನೀ ಬಲೆಗಳು, ಭಾನುವಾರ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ. ಈ ಕ್ರಮ ಸರಿಯೇ? ಮಟ್ಟಾಂಚೇರಿಗೆ ಅರ್ಧ ದಿನ ಸಾಕೆಂದು ಕೆಲವರು ಹೇಳಿದರು, ಅದು ನಿಜವೇ? ಉಳಿದುಕೊಳ್ಳಲು ಎರ್ನಾಕುಳಂ ಅನುಕೂಲವೋ, ಫೋರ್ಟ್ ಕೊಚ್ಚಿಯೋ? ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1: ಅಳಿವೆಬಾಗಿಲು

ನಿಮ್ಮ ಪಟ್ಟಿಯಲ್ಲಿ ಮೊದಲು ಬದಲಿಸಬೇಕಾದದ್ದು ಶುಕ್ರವಾರ. ಮಟ್ಟಾಂಚೇರಿ ಅರಮನೆಗೆ ವಾರದ ರಜೆ ಇರುವುದೇ ಅಂದು. ಸಿನಗಾಗ್ ಶುಕ್ರವಾರದ ಜೊತೆಗೆ ಶನಿವಾರವೂ, ಯಹೂದಿಗಳ ಹಬ್ಬದ ದಿನಗಳಲ್ಲಿಯೂ ಸಂದರ್ಶಕರಿಗೆ ಮುಚ್ಚಿರುತ್ತದೆ. ಆದ್ದರಿಂದ ನೀವು ಊರಿನಲ್ಲಿರುವ ದಿನಗಳ ಪೈಕಿ ಈ ಎರಡೂ ತೆರೆದಿರುವುದು ಭಾನುವಾರ ಮಾತ್ರ. ಅದೇ ಭಾನುವಾರವನ್ನು ನೀವು ತ್ರಿಪ್ಪೂಣಿತ್ತುರಕ್ಕೆ ಇಟ್ಟಿದ್ದೀರಿ. ಪ್ರಯಾಣದ ದಿನಾಂಕಗಳನ್ನೇ ಬದಲಿಸಲು ಸಾಧ್ಯವಿದ್ದರೆ ಭಾನುವಾರ ತಲುಪಿ ಬುಧವಾರ ಹೊರಡುವಂತೆ ಮಾಡಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಹಿಲ್ ಪ್ಯಾಲೇಸಿಗೆ ಸೋಮವಾರ ರಜೆಯೆಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಬದಲಿಸಲಾಗದಿದ್ದರೆ ಶುಕ್ರವಾರ ಫೋರ್ಟ್ ಕೊಚ್ಚಿ, ಶನಿವಾರ ತ್ರಿಪ್ಪೂಣಿತ್ತುರ, ಭಾನುವಾರ ಇಡೀ ದಿನ ಮಟ್ಟಾಂಚೇರಿ ಎಂದು ಇಟ್ಟುಕೊಳ್ಳಿ.

ಇಡೀ ದಿನ ಎಂದು ಬೇಕೆಂದೇ ಬರೆದೆ. ಮಟ್ಟಾಂಚೇರಿಗೆ ಅರ್ಧ ದಿನ ಸಾಕೆನ್ನುವುದು, ಕಾರಿನಲ್ಲಿ ಬಂದು ಎರಡು ಕಟ್ಟಡಗಳನ್ನು ನೋಡಿ ಒಂದು ಅಂಗಡಿಗೆ ಹೊಕ್ಕು ಹೊರಡುವವರ ಲೆಕ್ಕ. ನಿಮ್ಮ ಮಗಳು ಇತಿಹಾಸದ ವಿದ್ಯಾರ್ಥಿನಿಯೆಂದರೆ ಅವರಿಗೆ ಈ ಊರು ಏಕೆ ಹುಟ್ಟಿತೆಂಬುದೇ ಮೊದಲ ಪಾಠವಾಗಬಹುದು. ಪ್ರಾಚೀನ ಕಾಲದಲ್ಲಿ ರೋಮಿನವರೆಗೆ ಕರಿಮೆಣಸು ಕಳಿಸುತ್ತಿದ್ದ ಮುಸಿರಿಸ್ ಬಂದರು ಇಲ್ಲಿಂದ ಉತ್ತರಕ್ಕೆ, ಕೊಡುಂಗಲ್ಲೂರಿನ ಆಸುಪಾಸಿನಲ್ಲಿತ್ತು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಲ್ಲಿ ಅಲ್ಲಿಯ ಅಳಿವೆ ಹೂಳು ತುಂಬಿ ಹಡಗುಗಳಿಗೆ ಅಯೋಗ್ಯವಾಯಿತೆಂದೂ, ಅದೇ ನೀರು ಕೊಚ್ಚಿಯ ಬಳಿ ಸಮುದ್ರಕ್ಕೆ ಆಳವಾದ ಬಾಯಿಯನ್ನು ತೆರೆಯಿತೆಂದೂ ಇತಿಹಾಸಕಾರರು ಹೇಳುತ್ತಾರೆ. ವ್ಯಾಪಾರ ಇತ್ತ ಸರಿಯಿತು, ಅದರ ಹಿಂದೆಯೇ ಯಹೂದಿಗಳು, ಅರಬರು, ಕೊಂಕಣಿಗರು, ಗುಜರಾತಿಗಳು ಬಂದರು. 1500ರಲ್ಲಿ ಪೋರ್ಚುಗೀಸರು ಬಂದು ನೆಲೆಯೂರಿದರು, 1663ರಲ್ಲಿ ಡಚ್ಚರು ಅವರನ್ನು ಹೊರಗಟ್ಟಿದರು, 1795ರಲ್ಲಿ ಊರು ಬ್ರಿಟಿಷರ ಕೈಸೇರಿತು. ಸ್ಥೂಲವಾಗಿ ಹೇಳುವುದಾದರೆ ಫೋರ್ಟ್ ಕೊಚ್ಚಿ ಯುರೋಪಿಯನ್ನರು ಕೋಟೆಯೊಳಗೆ ಕಟ್ಟಿಕೊಂಡ ಊರು, ಮಟ್ಟಾಂಚೇರಿ ರಾಜನೂ ವ್ಯಾಪಾರಿಗಳೂ ಇದ್ದ ಊರು. ಇವೆರಡರ ನಡುವಿನ ದೂರ ಎರಡು ಕಿಲೋಮೀಟರಿನಷ್ಟು ಮಾತ್ರ.

ಉಳಿಯುವುದು ಫೋರ್ಟ್ ಕೊಚ್ಚಿಯಲ್ಲೇ ಆಗಲಿ. ಎರ್ನಾಕುಳಂನಲ್ಲಿ ಉಳಿದರೆ ಪ್ರತಿದಿನ ಹೋಗಿಬರುವುದರಲ್ಲೇ ತಾಯಿಯವರು ದಣಿಯುತ್ತಾರೆ. ಹಳೆಯ ಮನೆಗಳನ್ನು ಹೋಂಸ್ಟೇ ಮಾಡಿರುವವರು ಅಲ್ಲಿ ಬಹಳ ಮಂದಿ ಇದ್ದಾರೆ, ಕೋಣೆ ಕಾದಿರಿಸುವಾಗ ನೆಲಮಹಡಿಯಲ್ಲೇ ಬೇಕೆಂದು ಕೇಳಿಕೊಳ್ಳಿ.

ಉತ್ತರ 2: ಹೆಂಚಿನಮಾಡು

ಮೇಲಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಮಟ್ಟಾಂಚೇರಿಯ ಬಗ್ಗೆ ಇನ್ನಷ್ಟು ವಿವರಗಳನ್ನು ಸೇರಿಸುತ್ತೇನೆ.

ಅರಮನೆಯನ್ನು ಎಲ್ಲರೂ ಡಚ್ ಅರಮನೆ ಎನ್ನುತ್ತಾರೆ, ಆದರೆ ಅದನ್ನು 16ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿ ಕೊಚ್ಚಿಯ ಅರಸ ವೀರ ಕೇರಳ ವರ್ಮನಿಗೆ ಕಾಣಿಕೆಯಾಗಿ ಕೊಟ್ಟವರು ಪೋರ್ಚುಗೀಸರು. ಡಚ್ಚರು ಮುಂದೆ ದುರಸ್ತಿ ಮಾಡಿ ವಿಸ್ತರಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಸಾದಾ ಕಟ್ಟಡ, ಅರಮನೆಯೆಂಬ ಭಾವನೆಯೇ ಬರುವುದಿಲ್ಲ. ಒಳಗಿನ ವಿನ್ಯಾಸ ಮಾತ್ರ ನಮ್ಮ ತೊಟ್ಟಿಮನೆಯದ್ದೇ: ನಡುವೆ ಅಂಗಳ, ಅಂಗಳದಲ್ಲಿ ರಾಜವಂಶದ ಕುಲದೇವತೆಯಾದ ಪಳಯನ್ನೂರ್ ಭಗವತಿಯ ಗುಡಿ, ಸುತ್ತಲೂ ಉದ್ದನೆಯ ಕೋಣೆಗಳು. ಪಲ್ಲಕ್ಕಿಗಳು, ಆಯುಧಗಳು, ಅರಸರ ಭಾವಚಿತ್ರಗಳು ಮೊದಲಾದ ಸಂಗ್ರಹವನ್ನು ಬೇಗಬೇಗ ನೋಡಿ ಮುಗಿಸಿದರೂ ನಷ್ಟವಿಲ್ಲ. ನಿಲ್ಲಬೇಕಾದ್ದು ಪಳ್ಳಿಯರ ಎಂಬ ಅರಸರ ಶಯನಗೃಹದಲ್ಲಿ. ದಶರಥನ ಪುತ್ರಕಾಮೇಷ್ಟಿಯಿಂದ ಹಿಡಿದು ರಾಮ ಅಯೋಧ್ಯೆಗೆ ಮರಳುವವರೆಗಿನ ರಾಮಾಯಣದ ಕಥೆ ಅಲ್ಲಿಯ ಗೋಡೆಗಳನ್ನು ಆವರಿಸಿದೆ. ಕಾವಿ ಕೆಂಪು, ಹಳದಿ, ಹಸಿರು, ಬಿಳಿ, ಇಷ್ಟೇ ಬಣ್ಣಗಳು. ಒಂದು ಪ್ರಸಂಗಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಜಾಗವನ್ನೇ ಬಿಡದೆ ತುಂಬಿರುವುದರಿಂದ ಮೊದಲ ನೋಟಕ್ಕೆ ಗೊಂದಲವೆನಿಸುತ್ತದೆ. ಕಥೆ ಗೊತ್ತಿರುವವರು ಒಂದು ಮೂಲೆಯಿಂದ ಆರಂಭಿಸಿ ಪಾತ್ರಗಳನ್ನು ಗುರುತಿಸುತ್ತ ಹೋದರೆ ಗೋಡೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ನಿಮ್ಮ ತಾಯಿಯವರೇ ಮಗಳಿಗೆ ಮಾರ್ಗದರ್ಶಕರಾಗಬಹುದು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಎಂದು ನನ್ನ ಅನಿಸಿಕೆ. ಪ್ರದರ್ಶನ ಮೇಲಂತಸ್ತಿನಲ್ಲಿರುವುದರಿಂದ ಒಂದು ಸಾಲು ಮೆಟ್ಟಿಲನ್ನು ಹತ್ತಲೇಬೇಕಾಗುತ್ತದೆ.

ಅರಮನೆಯ ಹಿಂದೆಯೇ, ಅರಸನು ಕೊಟ್ಟ ಭೂಮಿಯಲ್ಲಿ, ಪರದೇಶಿ ಸಿನಗಾಗ್ ಇದೆ. ಅದು 1568ರಲ್ಲಿ ಕಟ್ಟಿದ್ದು. 1662ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿಯಿಟ್ಟರು, ಡಚ್ಚರು ಬಂದ ಮೇಲೆ ಮತ್ತೆ ಎದ್ದು ನಿಂತಿತು. ನೆಲಕ್ಕೆ ಹಾಸಿರುವ ನೀಲಿ-ಬಿಳಿ ಬಣ್ಣದ ಚೀನೀ ಹಂಚುಗಳು ಕೈಯಿಂದ ಚಿತ್ರಿಸಿದವು. 18ನೇ ಶತಮಾನದಲ್ಲಿ ಅವುಗಳನ್ನು ತರಿಸಿದವನೂ, 1760ರಲ್ಲಿ ಗಡಿಯಾರ ಗೋಪುರವನ್ನು ಕಟ್ಟಿಸಿದವನೂ ಡಚ್ಚರೊಡನೆ ವ್ಯಾಪಾರ ನಡೆಸುತ್ತಿದ್ದ ಎಝೆಕಿಯೆಲ್ ರಹಾಬಿ ಎಂಬ ಯಹೂದಿ ವರ್ತಕ. ಚಪ್ಪಲಿ ಹೊರಗೆ ಬಿಟ್ಟು, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿನಲ್ಲಿ ಒಳಹೋಗಬೇಕು. ತೂಗುದೀಪಗಳನ್ನು ನೋಡಿ ತೃಪ್ತರಾಗಿ ಹೊರಬರುವವರೇ ಹೆಚ್ಚು. ಈ ಸಮುದಾಯದೊಳಗಿನ ಕಥೆಯೂ ತಿಳಿದಿರಬೇಕು: ಸ್ಪೇನ್ ಮೊದಲಾದ ದೇಶಗಳಿಂದ ಬಂದ ಪರದೇಶಿ ಯಹೂದಿಗಳು, ಅವರಿಗಿಂತ ಬಹಳ ಹಿಂದೆಯೇ ಇಲ್ಲಿ ನೆಲೆಸಿದ್ದ ಮಲಬಾರಿ ಯಹೂದಿಗಳನ್ನು ತಮ್ಮ ಸಮಾನರೆಂದು ಒಪ್ಪುತ್ತಿರಲಿಲ್ಲ. ತಮ್ಮ ಪೂರ್ವಿಕರು ಬಿಡುಗಡೆಗೊಂಡ ದಾಸರಾಗಿದ್ದರೆಂಬ ಕಾರಣಕ್ಕೆ ಇದೇ ಸಿನಗಾಗಿನಲ್ಲಿ ಪೂರ್ಣ ಹಕ್ಕಿಲ್ಲದೆ ಹೊರಗುಳಿದಿದ್ದವರ ಪರವಾಗಿ ಎ. ಬಿ. ಸೇಲಂ ಎಂಬ ವಕೀಲರು 20ನೇ ಶತಮಾನದಲ್ಲಿ ಗಾಂಧೀಜಿಯವರ ಮಾರ್ಗದಲ್ಲಿ ಸತ್ಯಾಗ್ರಹ ಹೂಡಿದರು. ಇಸ್ರೇಲ್ ಸ್ಥಾಪನೆಯಾದ ನಂತರ ಬಹುತೇಕ ಎಲ್ಲರೂ ಅಲ್ಲಿಗೆ ಹೊರಟುಹೋದರು. ಈಗ ಸಿನಗಾಗಿನ ಬೀದಿಯ ತುಂಬ ಇರುವುದು ಪುರಾತನ ವಸ್ತುಗಳೆಂದು ಮಾರುವ ಅಂಗಡಿಗಳು. ಅಲ್ಲಿ ಕಾಣುವ ಕಂಚು, ಮರದ ಸಾಮಾನುಗಳೆಲ್ಲವೂ ಹಳೆಯವಲ್ಲ, ನೋಡಲು ಚೆನ್ನ, ಕೊಳ್ಳುವಾಗ ಎಚ್ಚರವಿರಲಿ.

ಇನ್ನು ಮಟ್ಟಾಂಚೇರಿಯಲ್ಲೇ ಇರುವ ಚೆರ್ಲಾಯಿ ಎಂಬ ಭಾಗ. ಪ್ರವಾಸಿಗರು ಅತ್ತ ಕಾಲಿಡುವುದೇ ಅಪರೂಪ. 16ನೇ ಶತಮಾನದಲ್ಲಿ ಗೋವಾದಿಂದ ಪೋರ್ಚುಗೀಸರ ಕಿರುಕುಳ ತಾಳಲಾರದೆ ದಕ್ಷಿಣಕ್ಕೆ ಬಂದ ಗೌಡ ಸಾರಸ್ವತರಲ್ಲಿ ಒಂದು ಪಾಲು ನಮ್ಮ ಕರಾವಳಿಯಲ್ಲಿ ನಿಂತಿತು, ಇನ್ನೊಂದು ಪಾಲು ಕೊಚ್ಚಿಯವರೆಗೆ ಹೋಯಿತು. ಅವರ ತಿರುಮಲ ದೇವಸ್ಥಾನ ಇಲ್ಲಿದೆ, ಬೀದಿಯಲ್ಲಿ ಕೊಂಕಣಿ ಮಾತು ಕಿವಿಗೆ ಬೀಳುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಇದು ಪರಊರೆನಿಸುವುದಿಲ್ಲ. ಡಚ್ ಅಧಿಕಾರಿ ವಾನ್ ರೀಡೆ ಮಲಬಾರಿನ ಸಸ್ಯಗಳ ಬಗ್ಗೆ ಸಿದ್ಧಪಡಿಸಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರಿದ್ದರು. ಅವರ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿಯೇ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ನಿಮ್ಮ ಮಗಳಿಗೆ ಈ ಎಳೆಯನ್ನು ಹಿಡಿದು ಓದಲು ಹೇಳಿ.

ಬಜಾರ್ ರಸ್ತೆಯನ್ನು ಬಿಡಬೇಡಿ. ಅಲ್ಲಿ ಸಂಬಾರ ಪದಾರ್ಥಗಳ ಹಳೆಯ ಗೋದಾಮುಗಳು ಸಾಲಾಗಿವೆ, ಒಣಶುಂಠಿ ಮತ್ತು ಮೆಣಸಿನ ಘಾಟು ಮೂಗಿಗೆ ಬಡಿಯುತ್ತದೆ. ಭಾನುವಾರ ಸಗಟು ವ್ಯಾಪಾರ ಇರುವುದಿಲ್ಲವಾದ್ದರಿಂದ ಆ ರಸ್ತೆಯನ್ನು ಮಾತ್ರ ಶುಕ್ರವಾರದ ಸುತ್ತಾಟಕ್ಕೆ ಸೇರಿಸಿಕೊಳ್ಳಬಹುದು.

ಉತ್ತರ 3: ಮಳೆಮರ

ಇಬ್ಬರೂ ಮಟ್ಟಾಂಚೇರಿಯನ್ನೇ ಹೊಗಳುತ್ತ ಫೋರ್ಟ್ ಕೊಚ್ಚಿಯನ್ನು ತುಸು ಕಡೆಗಣಿಸಿದ್ದಾರೆ ಎನಿಸಿತು. ಮೊಣಕಾಲು ನೋವಿನ ಹಿರಿಯರಿಗೆ ಇಡೀ ಕೊಚ್ಚಿಯಲ್ಲಿ ನಡೆದಾಡಲು ಹಿತವಾದ ಜಾಗ ಅದೊಂದೇ. ಪರೇಡ್ ಮೈದಾನದ ಸುತ್ತ ಹಬ್ಬಿರುವ ದೊಡ್ಡ ಮಳೆಮರಗಳ ನೆರಳಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಹೊರಟರೆ ಬಿಸಿಲೇರುವ ಮೊದಲೇ ಮುಖ್ಯವಾದದ್ದೆಲ್ಲ ಮುಗಿಯುತ್ತದೆ.

ಸಂತ ಫ್ರಾನ್ಸಿಸ್ ಚರ್ಚು ಭಾರತದಲ್ಲಿ ಯುರೋಪಿಯನ್ನರು ಕಟ್ಟಿದ ಅತ್ಯಂತ ಹಳೆಯ ಚರ್ಚೆಂದು ಪರಿಗಣಿತವಾಗಿದೆ. 1503ರಲ್ಲಿ ಮರದಿಂದ ಎದ್ದದ್ದು 1516ರ ಹೊತ್ತಿಗೆ ಕಲ್ಲಿನದ್ದಾಯಿತು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿಯೇ ಹೂಳಿದರು. 1539ರಲ್ಲಿ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು, ಕಂಬಿ ಹಾಕಿದ ಬರಿಯ ಸಮಾಧಿಕಲ್ಲನ್ನು ಈಗ ಜನ ನೋಡುತ್ತಾರೆ. ನನಗೆ ಅದಕ್ಕಿಂತ ಕುತೂಹಲವೆನಿಸುವುದು ಕಟ್ಟಡವು ಕೈ ಬದಲಿಸಿದ ರೀತಿ. ಪೋರ್ಚುಗೀಸರ ಕಾಲದಲ್ಲಿ ಕ್ಯಾಥೊಲಿಕರದಾಗಿದ್ದು, ಡಚ್ಚರ ಕಾಲದಲ್ಲಿ ಪ್ರಾಟೆಸ್ಟೆಂಟರದಾಗಿ, ಬ್ರಿಟಿಷರ ಕಾಲದಲ್ಲಿ ಆಂಗ್ಲಿಕನರದಾಗಿ, ಈಗ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಅಧೀನದಲ್ಲಿದೆ. ಡಚ್ಚರ ಸಮಾಧಿಕಲ್ಲುಗಳೂ ಪೋರ್ಚುಗೀಸರವೂ ಒಂದೇ ಸೂರಿನಡಿ ಎದುರುಬದುರಾಗಿ ಗೋಡೆಗಳಿಗೆ ಒರಗಿ ನಿಂತಿವೆ. ಹೊರಗಿನಿಂದ ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಕಗಳು ಇನ್ನೂ ಚಾವಣಿಯಿಂದ ತೂಗುತ್ತಿವೆ. 1724ರ ಡಚ್ ಸ್ಮಶಾನ ಸಮುದ್ರದ ಕಡೆ ಇದೆ. ಅದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಗೇಟಿನಿಂದಲೇ ನೋಡಬೇಕು.

ಸಾಂತಾಕ್ರೂಸ್ ಬಾಸಿಲಿಕ ಕನ್ನಡಿಗರು ವಿಶೇಷವಾಗಿ ನೋಡಬೇಕಾದ್ದು. ಪೋರ್ಚುಗೀಸರ ಮೂಲ ಕಟ್ಟಡವನ್ನು ಬ್ರಿಟಿಷರು 1795ರಲ್ಲಿ ಕೆಡವಿದರು, ಈಗಿರುವುದು 1905ರಲ್ಲಿ ಪ್ರತಿಷ್ಠೆಗೊಂಡಿತು. ಇದರ ಒಳಗಿನ ಚಿತ್ರಗಳನ್ನು ಬರೆದವರು ಇಟಲಿಯ ಬೆರ್ಗಾಮೊ ಪ್ರಾಂತದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರರು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದವರೂ ಅವರೇ. ಅಲ್ಲಿಯ ಕೆಲಸ ಮುಗಿಸಿ ಕೆಲವು ವರ್ಷಗಳ ಬಳಿಕ ಇಲ್ಲಿಗೆ ಬಂದು, ಬಾಸಿಲಿಕ ಪ್ರತಿಷ್ಠೆಗೊಂಡ 1905ರಲ್ಲಿಯೇ ಕೊಚ್ಚಿಯಲ್ಲಿ ತೀರಿಕೊಂಡರು. ಮಂಗಳೂರಿನ ಚಾಪೆಲನ್ನು ಮೊದಲೇ ನೋಡಿದ್ದರೆ ಅದೇ ಕೈಯ ಮುಖಗಳನ್ನು, ಬಟ್ಟೆಯ ನೆರಿಗೆಗಳನ್ನು ಇಲ್ಲಿ ಗುರುತಿಸಬಹುದು. ಪೂಜೆಯ ಹೊತ್ತಿನಲ್ಲಿ ಓಡಾಡುವಂತಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ಬೇಡ.

ಚೀನೀ ಬಲೆಗಳ ಬಗ್ಗೆ ಚಿತ್ರಗಳಲ್ಲಿ ಕಂಡಷ್ಟನ್ನು ನಿರೀಕ್ಷಿಸದಿರುವುದು ಒಳ್ಳೆಯದು. ಅವುಗಳ ಸಂಖ್ಯೆ ಕಡಿಮೆಯಾಗುತ್ತ ಬಂದಿದೆ, ಮಳೆಗಾಲದ ನಂತರ ಹಿನ್ನೀರಿನಿಂದ ತೇಲಿಬರುವ ಕಳೆ ಮತ್ತು ಕಸ ದಡದಲ್ಲಿ ರಾಶಿಬೀಳುತ್ತದೆ. ಆದರೆ ಅದರ ಯಂತ್ರಕ್ರಮವನ್ನು ಒಮ್ಮೆ ಗಮನವಿಟ್ಟು ನೋಡಿ. ತೇಗ ಮೊದಲಾದ ಮರದ ದೊಡ್ಡ ತೊಲೆಗಳ ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಬೇರೆಬೇರೆ ಉದ್ದದ ಹಗ್ಗಗಳಿಗೆ ಕಟ್ಟಿದ ಕಲ್ಲುಗಳು. ಬಲೆ ಏರುತ್ತಿದ್ದಂತೆ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಕೂರುವುದರಿಂದ ಭಾರದ ಸಮತೋಲ ತಪ್ಪುವುದಿಲ್ಲ. ಹೀಗಾಗಿಯೇ ಅಷ್ಟು ದೊಡ್ಡ ಚೌಕಟ್ಟನ್ನು ಐದಾರು ಮಂದಿ ಏಳಿಸಬಲ್ಲರು. ಚೀನಾದ ನಾವಿಕರೇ ನೇರವಾಗಿ ತಂದರೆಂಬುದು ಪ್ರತೀತಿ, ಪೋರ್ಚುಗೀಸರು ಮಕಾವಿನಿಂದ ತಂದರೆನ್ನುವವರೂ ಇದ್ದಾರೆ. ಉಬ್ಬರದ ಹೊತ್ತಿನಲ್ಲಿ ಬಲೆ ಇಳಿಸುವುದು ಹೆಚ್ಚು. ಹಗ್ಗ ಎಳೆಯಲು ಕರೆದರೆ ಕೊನೆಯಲ್ಲಿ ಹಣ ಕೇಳುತ್ತಾರೆಂಬುದನ್ನು ತಿಳಿದೇ ಹೋಗಿ, ಅವರ ದುಡಿಮೆಗೆ ಅಷ್ಟು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಉತ್ತರ 4: ಚೌಕಿಮನೆ

ಕಥಕಳಿಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗರಿಗಾಗಿ ಪ್ರತಿದಿನ ಸಂಜೆ ಸಂಕ್ಷಿಪ್ತ ಪ್ರದರ್ಶನಗಳು ನಡೆಯುತ್ತವೆ. ದೇವಸ್ಥಾನಗಳಲ್ಲಿ ರಾತ್ರಿಯಿಡೀ ನಡೆಯುವ ಆಟದ ಮುಂದೆ ಇದು ಒಂದು ತುಣುಕು ಮಾತ್ರ ಎಂಬುದು ನಿಜ. ಆದರೂ ವೇಷ ಆರಂಭವಾಗುವ ಮುಂಚೆಯೇ ಹೋಗಿ ಬಣ್ಣ ಹಚ್ಚುವುದನ್ನು ನೋಡಲು ಅವಕಾಶ ಕೊಡುತ್ತಾರೆ, ಹೋಗಬೇಕಾದ್ದು ಅದಕ್ಕಾಗಿಯೇ. ಅಕ್ಕಿಹಿಟ್ಟಿನ ಲೇಪದಿಂದ ಕೆನ್ನೆಯ ಅಂಚಿಗೆ ಚುಟ್ಟಿ ಕಟ್ಟುವುದನ್ನು ನೋಡುವಾಗ ತೆಂಕುತಿಟ್ಟಿನ ಬಣ್ಣದ ವೇಷದ ಚಿಟ್ಟಿ ನೆನಪಾಗದಿರುವುದು ಸಾಧ್ಯವಿಲ್ಲ. ಹಸಿರು ಮುಖದ ಪಚ್ಚ ಧೀರೋದಾತ್ತ ನಾಯಕರಿಗೆ, ಹಸಿರಿನ ನಡುವೆ ಕೆಂಪು ಬರೆಯುವ ಕತ್ತಿ ರಾವಣನಂತಹ ಪ್ರತಿನಾಯಕರಿಗೆ, ಮಿನುಕ್ಕು ಸ್ತ್ರೀಯರಿಗೆ ಮತ್ತು ಋಷಿಗಳಿಗೆ. ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ವೇಷಧಾರಿಗಳು ಮಾತನಾಡುವುದಿಲ್ಲ. ಯಕ್ಷಗಾನದ ಅರ್ಥಗಾರಿಕೆ ಇಲ್ಲಿಲ್ಲ, ಹಿಂದೆ ನಿಂತ ಇಬ್ಬರು ಗಾಯಕರು ಹಾಡಿದ ಪದಕ್ಕೆ ಕೈಮುದ್ರೆ ಮತ್ತು ಕಣ್ಣುಗಳಲ್ಲಿಯೇ ಅರ್ಥ ಹೇಳಬೇಕು. ಯಕ್ಷಗಾನ ನೋಡಿ ಬೆಳೆದವರಿಗೆ ಆರಂಭದಲ್ಲಿ ಏನೋ ಕೊರತೆಯೆನಿಸಬಹುದು, ಸ್ವಲ್ಪ ಹೊತ್ತಿನಲ್ಲಿ ಕಣ್ಣು ಪಳಗುತ್ತದೆ. ಮುಂದಿನ ಸಾಲಿನ ಕುರ್ಚಿ ಸಿಕ್ಕರೆ ತಾಯಿಯವರಿಗೆ ಚೆಂಡೆಯ ಸದ್ದು ಜೋರಾದೀತು, ನಡುವಿನ ಸಾಲು ಒಳ್ಳೆಯದು.

ಪಯಣಿಗ (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಮಗಳ ರಜೆಯ ಕಾರಣದಿಂದ ದಿನಾಂಕ ಬದಲಿಸಲಾಗುವುದಿಲ್ಲ, ಆದ್ದರಿಂದ ಶುಕ್ರವಾರ ಫೋರ್ಟ್ ಕೊಚ್ಚಿ, ಶನಿವಾರ ತ್ರಿಪ್ಪೂಣಿತ್ತುರ, ಭಾನುವಾರ ಮಟ್ಟಾಂಚೇರಿ ಎಂದು ತಿದ್ದಿಕೊಂಡಿದ್ದೇನೆ. ಇನ್ನೆರಡು ಸಂದೇಹಗಳು. ತಾಯಿಯವರು ದೋಣಿ ಹತ್ತಿ ಇಳಿಯುವುದು ಸುಲಭವೇ, ಅಥವಾ ರಸ್ತೆಯಲ್ಲೇ ಹೋಗುವುದು ಲೇಸೇ? ಡಿಸೆಂಬರಿನಲ್ಲಿ ಕಲಾಪ್ರದರ್ಶನವೊಂದು ನಡೆಯುತ್ತದೆಂದು ಕೇಳಿದ್ದೇನೆ, ಅದಕ್ಕೆ ಬೇರೆಯಾಗಿ ಸಮಯ ಬೇಕೇ?

ಉತ್ತರ 5: ಅಳಿವೆಬಾಗಿಲು

ದೋಣಿಯಲ್ಲಿಯೇ ಹೋಗಿ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೊ ಈಗ ಎರ್ನಾಕುಳಂನ ಹೈಕೋರ್ಟ್ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೆ ಬರುತ್ತದೆ. ಅದರ ಕಟ್ಟೆ ನೀರಿನ ಮೇಲೆ ತೇಲುವಂಥದ್ದಾದ್ದರಿಂದ ಉಬ್ಬರವಿರಲಿ ಇಳಿತವಿರಲಿ ದೋಣಿಯ ನೆಲಕ್ಕೆ ಸಮವಾಗಿಯೇ ನಿಲ್ಲುತ್ತದೆ, ಗಾಲಿಕುರ್ಚಿಯಲ್ಲಿ ಬಂದವರೂ ಹತ್ತಬಹುದು. ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ದೋಣಿಗಳು ಇನ್ನೂ ಅಗ್ಗ, ಅವುಗಳಲ್ಲಿ ಕಟ್ಟೆಯಿಂದ ದೋಣಿಯೊಳಕ್ಕೆ ಕಾಲು ಎತ್ತಿಹಾಕಬೇಕಾದ್ದರಿಂದ ತಾಯಿಯವರಿಗೆ ಬೇಡ. ಹೊಸ ದೋಣಿಯ ಕಿಟಕಿಯಿಂದ ವಿಲಿಂಗ್ಡನ್ ದ್ವೀಪ ಕಾಣುವಾಗ ಮಗಳಿಗೆ ತೋರಿಸಿ. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ನೇತೃತ್ವದಲ್ಲಿ ಆಧುನಿಕ ಬಂದರು ಕಟ್ಟುವಾಗ ಹಿನ್ನೀರಿನಿಂದ ಎತ್ತಿದ ಹೂಳನ್ನೇ ಸುರಿದು ಹಿಗ್ಗಿಸಿದ ನೆಲ ಅದು.

ನೀವು ಕೇಳಿರುವುದು ಕೊಚ್ಚಿ-ಮುಸಿರಿಸ್ ಬಿನಾಲೆ. 2012ರಲ್ಲಿ ಆರಂಭವಾದ ಅದು ಎರಡು ವರ್ಷಗಳಿಗೊಮ್ಮೆ ನಡೆಯುವಂಥದ್ದು, ಸಾಮಾನ್ಯವಾಗಿ ಡಿಸೆಂಬರ್ 12ರ ಸುಮಾರಿಗೆ ತೆರೆದು ಮಾರ್ಚ್ ಕೊನೆಯವರೆಗೋ ಏಪ್ರಿಲ್‌ವರೆಗೋ ಇರುತ್ತದೆ. ನೀವು ಹೋಗುವ ವರ್ಷದಲ್ಲಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇದ್ದರೆ ಆಸ್ಪಿನ್‌ವಾಲ್ ಹೌಸ್, ಪೆಪ್ಪರ್ ಹೌಸ್ ಮೊದಲಾದ ಹಳೆಯ ವ್ಯಾಪಾರಿ ಕಟ್ಟಡಗಳ ಒಳಭಾಗವನ್ನು ನೋಡಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಆಗ ತ್ರಿಪ್ಪೂಣಿತ್ತುರವನ್ನು ಕೈಬಿಟ್ಟು ಶನಿವಾರವನ್ನು ಬಿನಾಲೆಗೆ ಕೊಡಿ ಎಂಬುದು ನನ್ನ ಸಲಹೆ. ಹಿಲ್ ಪ್ಯಾಲೇಸ್ ಸಂಗ್ರಹ ದೊಡ್ಡದು, ಆದರೆ ಅಲ್ಲಿ ಏರಿಳಿತ ಹೆಚ್ಚು, ತಾಯಿಯವರಿಗೆ ಆಯಾಸವಾಗುತ್ತದೆ. ಬಿನಾಲೆ ಇಲ್ಲದ ವರ್ಷವಾದರೆ ತ್ರಿಪ್ಪೂಣಿತ್ತುರಕ್ಕೆ ಮೆಟ್ರೊ ರೈಲಿನಲ್ಲಿ ಹೋಗಿ, ನಿಲ್ದಾಣದಿಂದ ಆಟೊ ಹಿಡಿಯಿರಿ. ಅಂದ ಹಾಗೆ, ಫೋರ್ಟ್ ಕೊಚ್ಚಿಯ ಆಟೊದವರು ಕಡಿಮೆ ಬಾಡಿಗೆಗೆ ಎಲ್ಲವನ್ನೂ ತೋರಿಸುತ್ತೇವೆಂದು ಕರೆದರೆ, ನಡುವೆ ಕರಕುಶಲ ಮಳಿಗೆಗಳಲ್ಲಿ ನಿಲ್ಲಿಸುವುದಿಲ್ಲವೆಂಬುದನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳಿ. ಭಾನುವಾರ ಸಿನಗಾಗ್ ಮಧ್ಯಾಹ್ನದ ಊಟದ ಹೊತ್ತಿಗೆ ಮುಚ್ಚಿ ಮತ್ತೆ ತೆರೆಯುತ್ತದೆ, ಆದ್ದರಿಂದ ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಿ ಆಮೇಲೆ ಅರಮನೆಗೆ ಬನ್ನಿ.